ಸರಾಸರಿಯವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸರಾಸರಿಯವರೇ,

ವಿಜ್ಞಾನದಲ್ಲಿ ನಿಮ್ಮಷ್ಟು ದುಡಿದವರು ಇನ್ನೊಬ್ಬರಿಲ್ಲ. ನೂರು ಸಲ ಅಳೆದರೆ ನೂರು ಬೇರೆ ಬೇರೆ ಉತ್ತರ ಬರುತ್ತದೆ. ಆಗ ನೀವು ಒಂದೇ ಸಂಖ್ಯೆ ಕೊಡುತ್ತೀರಿ, ನಾವು ನೆಮ್ಮದಿಯಿಂದ ಪುಟ ಮಗುಚುತ್ತೇವೆ. ಆ ನೂರು ಉತ್ತರಗಳು ಒಂದಕ್ಕೊಂದು ಯಾಕೆ ಹೊಂದಲಿಲ್ಲ ಎಂದು ನಿಂತು ಕೇಳುವವರು ಕಡಿಮೆ. ಆ ಪ್ರಶ್ನೆಯನ್ನು ಬಹಿರಂಗವಾಗಿ ಕೇಳಬೇಕೆಂದೇ ಈ ಪತ್ರ.

ನಾನು ಎತ್ತಿಕೊಂಡಿರುವುದು ಒಂದು ನಿರ್ದಿಷ್ಟ ಪ್ರಕರಣ. ಅಮೆರಿಕದ ಲಾಂಗ್ ಐಲೆಂಡ್‌ನಲ್ಲಿರುವ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 2000ದಲ್ಲಿ ಒಂದು ಹೊಸ ಯಂತ್ರ ಕೆಲಸ ಶುರು ಮಾಡಿತು. ಅದರ ಹೆಸರು ರಿಲೆಟಿವಿಸ್ಟಿಕ್ ಹೆವಿ ಅಯಾನ್ ಕೊಲೈಡರ್. ಬಲ್ಲವರು ರಿಕ್ ಎನ್ನುತ್ತಾರೆ. 3.8 ಕಿಲೋಮೀಟರ್ ಸುತ್ತಳತೆಯ ಉಂಗುರದಲ್ಲಿ ಚಿನ್ನದ ಪರಮಾಣು ಬೀಜಗಳನ್ನು ಎದುರುಬದುರು ಓಡಿಸಿ ಡಿಕ್ಕಿ ಹೊಡೆಸುವುದು ಅದರ ಕೆಲಸವಾಗಿತ್ತು. ಅಲ್ಲಿ ಸಂಗ್ರಹವಾದ ಅಂಕಿಅಂಶಗಳಲ್ಲಿ ಒಂದು ದೊಡ್ಡ ಸಂಗತಿ ಸುಮಾರು ಹತ್ತು ವರ್ಷ ಕಣ್ಣೆದುರೇ ಇತ್ತು. ಅದರ ಬೆಲೆ ಸೊನ್ನೆ ಎಂದು ಮೊದಲೇ ಬರೆದಿಟ್ಟಿದ್ದರಿಂದ ಬಹುತೇಕರು ಅದನ್ನು ಹುಡುಕಲೇ ಇಲ್ಲ. ಆ ಸೊನ್ನೆಯ ಕೆಳಗೆ ಇದ್ದದ್ದು ನಿಮ್ಮ ರುಜು.

ಮೊದಲು ನಿಮ್ಮ ಹೆಗ್ಗಳಿಕೆಯನ್ನೇ ಹೇಳುತ್ತೇನೆ, ಯಾಕೆಂದರೆ ಅದು ಸಣ್ಣದಲ್ಲ.

ಚಿನ್ನದ ಒಂದು ನ್ಯೂಕ್ಲಿಯಸ್ಸಿನಲ್ಲಿ 79 ಪ್ರೋಟಾನ್, 118 ನ್ಯೂಟ್ರಾನ್, ಒಟ್ಟು 197 ನ್ಯೂಕ್ಲಿಯಾನ್‌ಗಳಿವೆ. ಬೆಳಕಿನ ವೇಗಕ್ಕೆ ತೀರಾ ಹತ್ತಿರದಲ್ಲಿ ಓಡುವಾಗ ಅದು ಚಲನೆಯ ದಿಕ್ಕಿನಲ್ಲಿ ನೂರು ಪಟ್ಟು ಕುಗ್ಗಿ ತೆಳ್ಳನೆಯ ತಟ್ಟೆಯಾಗುತ್ತದೆ. ಇಂಥ ಎರಡು ತಟ್ಟೆಗಳು ಒಂದರೊಳಗೊಂದು ಹಾಯ್ದುಹೋಗುವಾಗ ನಡುವೆ ಬಿಟ್ಟುಹೋಗುವ ಜಾಗ ಲಕ್ಷಾಂತರ ಕೋಟಿ ಡಿಗ್ರಿ ಕಾಯುತ್ತದೆ. ಅಷ್ಟು ಶಾಖದಲ್ಲಿ ಪ್ರೋಟಾನ್ ಪ್ರೋಟಾನಾಗಿ ಉಳಿಯಲಾರದು. ಅದರೊಳಗಿನ ಕ್ವಾರ್ಕ್‌ಗಳೂ ಗ್ಲುವಾನ್‌ಗಳೂ ಬಿಡುಗಡೆಯಾಗಿ ಕ್ವಾರ್ಕ್-ಗ್ಲುವಾನ್ ಪ್ಲಾಸ್ಮಾ ಎಂಬ ಸ್ಥಿತಿ ಹುಟ್ಟುತ್ತದೆ. ವಿಶ್ವ ಹುಟ್ಟಿದ ಮೊದಲ ಕೆಲವು ಮೈಕ್ರೋಸೆಕೆಂಡುಗಳಲ್ಲಿ ಎಲ್ಲೆಡೆ ಇದ್ದ ದ್ರವ್ಯ ಅದು. ಪ್ರಯೋಗಾಲಯದಲ್ಲಿ ಅದರ ಆಯುಷ್ಯ ಒಂದು ಸೆಕೆಂಡನ್ನು ಒಂದರ ಮುಂದೆ 22 ಸೊನ್ನೆಗಳಿರುವ ಸಂಖ್ಯೆಯಿಂದ ಭಾಗಿಸಿದರೆ ಸಿಗುವುದಕ್ಕಿಂತಲೂ ಕಡಿಮೆ. ಆಮೇಲೆ ಅದು ಆರಿ ಸಾವಿರಾರು ಕಣಗಳಾಗಿ ಸಿಡಿಯುತ್ತದೆ. ಡಿಟೆಕ್ಟರ್‌ಗೆ ಸಿಗುವುದು ಆ ಕಣಗಳು ಮಾತ್ರ. ಪ್ಲಾಸ್ಮಾವನ್ನು ಯಾರೂ ನೇರವಾಗಿ ನೋಡಿಲ್ಲ.

ಹಾಗಾದರೆ ಅಲ್ಲೊಂದು ದ್ರವ ಇತ್ತು ಎನ್ನುವುದಕ್ಕೆ ಸಾಕ್ಷಿ ಏನು? ಎರಡು ನ್ಯೂಕ್ಲಿಯಸ್ಸುಗಳು ಸಾಮಾನ್ಯವಾಗಿ ನಟ್ಟನಡುವೆ ಡಿಕ್ಕಿ ಹೊಡೆಯುವುದಿಲ್ಲ, ಸ್ವಲ್ಪ ಸರಿದು ಹೊಡೆಯುತ್ತವೆ. ಆಗ ಒಂದರ ಮೇಲೊಂದು ಬರುವ ಭಾಗ ಬಾದಾಮಿಯ ಆಕಾರದಲ್ಲಿರುತ್ತದೆ. ಅಲ್ಲಿರುವುದು ದ್ರವವಾದರೆ, ಬಾದಾಮಿಯ ಅಗಲ ಕಡಿಮೆ ಇರುವ ಕಡೆ ಒತ್ತಡ ಕಡಿದಾಗಿ ಇಳಿಯುತ್ತದೆ, ಆ ದಿಕ್ಕಿಗೆ ದ್ರವ ಜೋರಾಗಿ ನುಗ್ಗುತ್ತದೆ. ಕೊನೆಗೆ ಆ ದಿಕ್ಕಿನಲ್ಲಿ ಹೆಚ್ಚು ಕಣಗಳು, ಅದಕ್ಕೆ ಲಂಬವಾದ ದಿಕ್ಕಿನಲ್ಲಿ ಕಡಿಮೆ ಕಣಗಳು ಸಿಗಬೇಕು. ಒಂದಕ್ಕೊಂದು ಸಂಬಂಧವಿಲ್ಲದ ಬಿಡಿ ಡಿಕ್ಕಿಗಳ ಗುಂಪಾಗಿದ್ದರೆ ಹೀಗೆ ದಿಕ್ಕು ಹಿಡಿಯುವ ಪ್ರಶ್ನೆಯೇ ಇಲ್ಲ. ಸಾವಿರಾರು ಕಣಗಳು ಒಟ್ಟಾಗಿ ಒಂದು ಮಾತಿಗೆ ಕಟ್ಟುಬಿದ್ದಂತೆ ನಡೆಯುವ ಇದನ್ನು ಸಾಮೂಹಿಕ ಹರಿವು ಎನ್ನುತ್ತಾರೆ. ಬಾದಾಮಿಯಿಂದ ಹುಟ್ಟುವ ಬಗೆಗೆ ದೀರ್ಘವೃತ್ತೀಯ ಹರಿವು ಎಂದು ಹೆಸರು. ಪ್ಲಾಸ್ಮಾದ ಗುರುತಾಗಿ ಇದನ್ನು ಹುಡುಕಿ ಎಂದು ಫ್ರಾನ್ಸಿನ ಜಾನ್-ಈವ್ ಓಲಿತ್ರೋ 1992ರಲ್ಲೇ ಹೇಳಿದ್ದರು. ಅದರ ಪ್ರಮಾಣವನ್ನು ವಿ-2 ಎಂದು ಬರೆಯುವುದು ರೂಢಿ.

ರಿಕ್‌ನ ಸ್ಟಾರ್ ತಂಡ 2001ರಲ್ಲಿ ಪ್ರಕಟಿಸಿದ ಅಳತೆಯಲ್ಲಿ ಈ ವಿ-2 ಭರ್ಜರಿಯಾಗಿ ಕಂಡಿತು. ದ್ರವಚಲನೆಯ ಸಮೀಕರಣಗಳು ಹೇಳಿದ್ದಕ್ಕೆ ಅದು ಹೊಂದಿಕೊಂಡಿತು. 2005ರ ಏಪ್ರಿಲ್‌ನಲ್ಲಿ ಬ್ರೂಕ್‌ಹೇವನ್ ಜಗತ್ತಿಗೆ ಸಾರಿತು: ನಾವು ಅನಿಲವನ್ನು ನಿರೀಕ್ಷಿಸಿದ್ದೆವು, ಸಿಕ್ಕಿದ್ದು ದ್ರವ, ಅದೂ ಒಳಗಿನ ಎಳೆತ ತೀರಾ ಕಡಿಮೆ ಇರುವ, ಬಹುಮಟ್ಟಿಗೆ ಪರಿಪೂರ್ಣವಾದ ದ್ರವ. ಲಕ್ಷಗಟ್ಟಲೆ ಡಿಕ್ಕಿಗಳನ್ನು ಒಟ್ಟುಗೂಡಿಸದೆ, ಅಂದರೆ ನಿಮ್ಮ ನೆರವಿಲ್ಲದೆ, ಈ ಮಾತು ಹೇಳಲು ಸಾಧ್ಯವಿರಲಿಲ್ಲ. ಇದಕ್ಕೆ ನಾನು ಕೃತಜ್ಞ, ಈ ಕ್ಷೇತ್ರವೂ ಕೃತಜ್ಞ.

ದೂರು ಇರುವುದು ಇದರ ನಂತರದ ಹೆಜ್ಜೆಯ ಬಗ್ಗೆ.

ಆ ನುಣುಪಾದ ಬಾದಾಮಿ ಎಲ್ಲಿತ್ತು? 197 ನ್ಯೂಕ್ಲಿಯಾನ್‌ಗಳು ನ್ಯೂಕ್ಲಿಯಸ್ಸಿನೊಳಗೆ ಒಂದೆಡೆ ಒತ್ತಾಗಿ, ಇನ್ನೊಂದೆಡೆ ವಿರಳವಾಗಿ ಇರುತ್ತವೆ. ಕ್ವಾಂಟಂ ನಿಯಮದಂತೆ ಅವುಗಳ ಜಾಗ ಪ್ರತಿ ಸಲವೂ ಬೇರೆ. ಎರಡು ತಟ್ಟೆಗಳು ಹಾಯ್ದುಹೋಗಲು ಹಿಡಿಯುವ ಸಮಯ, ಹರಿವು ಬೆಳೆಯಲು ಬೇಕಾದ ಸಮಯದ ಮುಂದೆ ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಆದ್ದರಿಂದ ಡಿಕ್ಕಿಯ ಗಳಿಗೆಯಲ್ಲಿ ಯಾವ ನ್ಯೂಕ್ಲಿಯಾನ್ ಎಲ್ಲಿತ್ತೋ ಅಲ್ಲೇ ಅದರ ಶಕ್ತಿ ಸುರಿಯುತ್ತದೆ. ಒಂದು ಡಿಕ್ಕಿಯಲ್ಲಿ ಮೂಡುವುದು ಉಬ್ಬು, ತಗ್ಗು, ಮೂಲೆಗಳಿರುವ, ಮತ್ತೊಮ್ಮೆ ಕಾಣದ ಒಂದು ಓರೆಕೋರೆ ಆಕೃತಿ. ಲಕ್ಷ ಡಿಕ್ಕಿಗಳ ಓರೆಕೋರೆಗಳನ್ನು ಒಂದರ ಮೇಲೊಂದು ಇಟ್ಟಾಗ ಮಾತ್ರ ಬಾದಾಮಿ ಕಾಣುತ್ತದೆ. ಅಂದರೆ ಆ ಬಾದಾಮಿ ನೀವು ಬರೆದ ಚಿತ್ರ, ಸರಾಸರಿಯವರೇ. ಒಂದೇ ಒಂದು ನಿಜವಾದ ಡಿಕ್ಕಿಯೂ ಅದನ್ನು ಕಂಡಿಲ್ಲ.

ಚಿತ್ರವಾಗಿ ಉಳಿದಿದ್ದರೆ ತೊಂದರೆ ಇರಲಿಲ್ಲ. ಆದರೆ ಅದು ನಿಯಮವಾಯಿತು. ನುಣುಪು ಬಾದಾಮಿಯ ಎಡಬಲಗಳು ಒಂದೇ ತೂಕ, ಮೇಲುಕೆಳಗುಗಳು ಒಂದೇ ತೂಕ. ಅಂಥ ಆಕೃತಿಯಿಂದ ಎರಡು ಮುಖದ ಹರಿವು, ನಾಲ್ಕು ಮುಖದ ಹರಿವು ಹುಟ್ಟಬಹುದೇ ಹೊರತು ಮೂರು ಮುಖದ್ದು ಹುಟ್ಟುವಂತಿಲ್ಲ. ಆದ್ದರಿಂದ ಕಣಗಳ ಹರಡಿಕೆಯನ್ನು ಫೂರಿಯೆ ಸರಣಿಯಾಗಿ ಬಿಡಿಸಿ ಬರೆಯುವಾಗ ವಿ-2 ಇಟ್ಟುಕೊಂಡರು, ವಿ-4 ಇಟ್ಟುಕೊಂಡರು. ಪ್ಲಾಸ್ಮಾದ ನಡುಭಾಗದಲ್ಲಿ ಮೂರು ಮುಖದ ಪಾಲಾದ ವಿ-3 ಸೊನ್ನೆ ಎಂದು ಸಮಮಿತಿಯ ಹೆಸರಿನಲ್ಲಿ ಕೈಬಿಟ್ಟರು. ವಾದದಲ್ಲಿ ತಪ್ಪಿರಲಿಲ್ಲ. ಅದು ಅನ್ವಯವಾಗುವ ವಸ್ತು ಮಾತ್ರ ಪ್ರಪಂಚದಲ್ಲಿರಲಿಲ್ಲ.

ಎಚ್ಚರಿಕೆಗಳು ಬಂದೇ ಬಂದವು. ಬ್ರೆಜಿಲ್‌ನಲ್ಲಿ ಯೋಗಿರೋ ಹಾಮಾ, ತಕೇಶಿ ಕೊಡಾಮಾ ಮತ್ತು ಅವರ ಸಂಗಡಿಗರು 2000ದ ದಶಕದ ಆರಂಭದಿಂದಲೇ ಪ್ರತಿಯೊಂದು ಡಿಕ್ಕಿಯ ಓರೆಕೋರೆಯನ್ನು ಬೇರೆಬೇರೆಯಾಗಿ ಹರಿಸಿ ಲೆಕ್ಕ ಹಾಕುತ್ತಿದ್ದರು. 2003ರಲ್ಲಿ ಮೈಕ್ ಮಿಲ್ಲರ್ ಮತ್ತು ರೇಮಂಡ್ ಸ್ನೆಲ್ಲಿಂಗ್ಸ್, ಬಾದಾಮಿಯ ಚಪ್ಪಟೆತನ ಡಿಕ್ಕಿಯಿಂದ ಡಿಕ್ಕಿಗೆ ಏರಿಳಿಯುತ್ತದೆ, ಅದು ಅಳತೆಯನ್ನು ತಪ್ಪಿಸಬಲ್ಲದು ಎಂದು ತೋರಿಸಿದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ರಾಜೀವ್ ಭಾಲೇರಾವ್, ಓಲಿತ್ರೋ ಜೊತೆಗೂಡಿ 2006ರಲ್ಲಿ ಈ ಏರಿಳಿತದ ಲೆಕ್ಕವನ್ನೇ ವಿಷಯ ಮಾಡಿಕೊಂಡು ಬರೆದರು.

ಪ್ರಯೋಗವೂ ಸುಮ್ಮನಿರಲಿಲ್ಲ. 2005ರಲ್ಲಿ ರಿಕ್ ಚಿನ್ನ ಬಿಟ್ಟು ತಾಮ್ರವನ್ನು ಡಿಕ್ಕಿ ಹೊಡೆಸಿತು. ತಾಮ್ರದ ನ್ಯೂಕ್ಲಿಯಸ್ಸಿನಲ್ಲಿ 63 ನ್ಯೂಕ್ಲಿಯಾನ್ ಮಾತ್ರ. ನೇರಾನೇರ ಡಿಕ್ಕಿಯಲ್ಲಿ ಬಾದಾಮಿಯೇ ಇಲ್ಲ, ಇರುವುದು ದುಂಡನೆಯ ಆಕೃತಿ. ಹಾಗಾಗಿ ವಿ-2 ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಇರಬೇಕು ಎಂದು ನಿಮ್ಮ ಚಿತ್ರ ಹೇಳುತ್ತಿತ್ತು. ಫೋಬೋಸ್ ಎಂಬ ಪುಟ್ಟ ಪ್ರಯೋಗದವರು ಅಳೆದಾಗ ಅದು ಸಾಕಷ್ಟು ದೊಡ್ಡದಾಗಿಯೇ ನಿಂತಿತ್ತು. ಸರಾಸರಿ ಚಿತ್ರದ ಅಕ್ಷಗಳನ್ನು ಬಿಟ್ಟು, ಡಿಕ್ಕಿಯಲ್ಲಿ ಭಾಗವಹಿಸಿದ ನ್ಯೂಕ್ಲಿಯಾನ್‌ಗಳು ಆ ಸಲ ಎಲ್ಲೆಲ್ಲಿದ್ದವೋ ಅದರಿಂದಲೇ ಚಪ್ಪಟೆತನವನ್ನು ಲೆಕ್ಕ ಹಾಕಿ ನೋಡಿದರು. ಆಗ ತಾಮ್ರವೂ ಚಿನ್ನವೂ ಒಂದೇ ಗೆರೆಯ ಮೇಲೆ ಬಂದು ಕೂತವು. 2007ರಲ್ಲಿ ಪ್ರಕಟವಾದ ಈ ಫಲಿತಾಂಶ ಸ್ಪಷ್ಟವಾಗಿ ಹೇಳಿದ್ದು ಇಷ್ಟು: ದ್ರವ ಹರಿಯುವುದು ಆಯಾ ಡಿಕ್ಕಿಯ ಆಕೃತಿಯಿಂದ. ನಿಮ್ಮ ಚಿತ್ರದ ಪರಿಚಯವೇ ಅದಕ್ಕಿಲ್ಲ.

ಇಷ್ಟಾದರೂ ವಿ-3 ಎಂಬ ಸೊನ್ನೆ ಅಳಿಯಲಿಲ್ಲ. ಅದೇ ಹೊತ್ತಿಗೆ ಇನ್ನೊಂದು ಒಗಟು ಎಲ್ಲರನ್ನೂ ಕಾಡುತ್ತಿತ್ತು. ಒಂದು ವೇಗದ ಕಣವನ್ನು ಗುರುತಿಟ್ಟುಕೊಂಡು, ಉಳಿದ ಕಣಗಳು ಅದರಿಂದ ಎಷ್ಟು ಕೋನ ದೂರದಲ್ಲಿ ಹೊರಟಿವೆ ಎಂದು ಎಣಿಸುವುದು ಒಂದು ವಿಧಾನ. ಅದರಿಂದ ವಿ-2ರ ಪಾಲನ್ನು ಕಳೆದರೆ, ಎದುರು ದಿಕ್ಕಿನಲ್ಲಿ, ಅಂದರೆ 180 ಡಿಗ್ರಿಯಲ್ಲಿ, ಒಂದು ದಿಬ್ಬ ಕಾಣಬೇಕು. ಕಂಡದ್ದು ಎರಡು ದಿಬ್ಬ: 120 ಡಿಗ್ರಿಯ ಆಸುಪಾಸಿನಲ್ಲೊಂದು, 240ರ ಆಸುಪಾಸಿನಲ್ಲೊಂದು, ನಡುವೆ ತಗ್ಗು. ಶಬ್ದಕ್ಕಿಂತ ವೇಗವಾಗಿ ಹೋಗುವ ವಿಮಾನದ ಹಿಂದೆ ಹುಟ್ಟುವ ಮಾಕ್ ಶಂಕುವಿನಂತೆ, ಪ್ಲಾಸ್ಮಾದೊಳಗೆ ನುಗ್ಗಿದ ಕ್ವಾರ್ಕ್ ಎಬ್ಬಿಸಿದ ಆಘಾತ ತರಂಗ ಇದು ಎಂದು ಹಲವರು ವಿವರಿಸಿದರು. ಗಂಭೀರ ಲೇಖನಗಳು ಬಂದವು, ಸಮ್ಮೇಳನಗಳಲ್ಲಿ ಚರ್ಚೆಗಳಾದವು. ಗುರುತಿನ ಕಣದ ಪಕ್ಕದಲ್ಲೇ ಉದ್ದಕ್ಕೆ ಹಬ್ಬಿದ ಇನ್ನೊಂದು ದಿಬ್ಬಕ್ಕೆ ಏಣು ಎಂಬರ್ಥದ ಹೆಸರು ಬಿತ್ತು. ಅದಕ್ಕೆ ಪ್ರತ್ಯೇಕ ಸಿದ್ಧಾಂತಗಳು ಹುಟ್ಟಿದವು.

ಒಮ್ಮೆ ಕೋನಗಳನ್ನು ನೋಡಿ, ಸರಾಸರಿಯವರೇ: 0, 120, 240. ಮೂರು ಮುಖದ ಅಲೆ ತನ್ನ ಶಿಖರಗಳನ್ನು ಇಡುವುದು ಸರಿಯಾಗಿ ಇವೇ ಮೂರು ಜಾಗದಲ್ಲಿ. ಪಕ್ಕದ ಏಣು ಮತ್ತು ಎದುರಿನ ಜೋಡಿ ದಿಬ್ಬ ಒಂದೇ ವಸ್ತುವಿನ ಮೂರು ಮುಖಗಳಾಗಿದ್ದವು. ಆ ವಸ್ತುವಿನ ಹೆಸರು ವಿ-3, ಮತ್ತು ಅದರ ಜಾಗದಲ್ಲಿ ನೀವು ಸೊನ್ನೆ ಬರೆದಿಟ್ಟಿದ್ದಿರಿ.

ಈ ಸೊನ್ನೆಯನ್ನು ಪ್ರಶ್ನಿಸಿದವರಲ್ಲಿ ನಮ್ಮ ದೇಶದವರೂ ಇದ್ದರೆಂಬುದನ್ನು ಕನ್ನಡದ ಓದುಗರು ತಿಳಿದಿರಬೇಕು. ಭುವನೇಶ್ವರದ ಭೌತವಿಜ್ಞಾನ ಸಂಸ್ಥೆಯ ಅಜಿತ್ ಶ್ರೀವಾಸ್ತವ, ಅನಂತ ಮಿಶ್ರಾ, ರಂಜಿತಾ ಮಹಾಪಾತ್ರ ಮತ್ತು ಪಿ. ಎಸ್. ಸೌಮಿಯಾ 2008ರಲ್ಲಿ ಫಿಸಿಕಲ್ ರಿವ್ಯೂ ಸಿ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಅವರ ಕಣ್ಣಿದ್ದದ್ದು ಆಕಾಶದ ಮೇಲೆ. ವಿಶ್ವದ ಆದಿಯಿಂದ ಉಳಿದುಬಂದ ಹಿನ್ನೆಲೆ ವಿಕಿರಣದಲ್ಲಿ ಲಕ್ಷಕ್ಕೊಂದು ಪಾಲಿನಷ್ಟು ಏರಿಳಿತವಿದೆ. ಕೋಬೆ ಉಪಗ್ರಹ ಅದನ್ನು ಪತ್ತೆ ಮಾಡಿದ್ದು 1992ರಲ್ಲಿ ಪ್ರಕಟವಾಯಿತು. ವಿಶ್ವದ ವಯಸ್ಸು, ಅದರ ದ್ರವ್ಯದ ಲೆಕ್ಕ ನಮಗೆ ಸಿಕ್ಕಿದ್ದು ಬಹುಪಾಲು ಆ ಏರಿಳಿತದಿಂದ. ಹಾಗಿದ್ದ ಮೇಲೆ ನ್ಯೂಕ್ಲಿಯಸ್ಸುಗಳ ಡಿಕ್ಕಿಯಲ್ಲಿ ಹುಟ್ಟುವ ಪುಟ್ಟ ವಿಶ್ವಕ್ಕೂ ಅದೇ ಪರೀಕ್ಷೆ ಮಾಡಬಾರದೇಕೆ ಎಂದು ಅವರು ಕೇಳಿದರು. ಒಂದು, ಎರಡು, ಮೂರು ಎಂದು ಮೂವತ್ತರವರೆಗೆ ಎಲ್ಲ ಮುಖಗಳ ಹರಿವನ್ನೂ ಅಳೆಯಿರಿ ಎಂದರು. ಅಳೆಯುವಾಗ ಬರೇ ಸರಾಸರಿ ಬೇಡ, ವರ್ಗಗಳ ಸರಾಸರಿಯ ಮೂಲ ತೆಗೆಯಿರಿ ಎಂದರು. ಈ ಒಂದು ಸಲಹೆಯಲ್ಲಿ ಪ್ರಕರಣದ ಕೀಲಿ ಇತ್ತು.

ಯಾಕೆಂದು ಬಿಡಿಸಿ ಹೇಳಬೇಕು. ಒಂದು ಡಿಕ್ಕಿಯ ಓರೆಕೋರೆಯಲ್ಲಿ ಅಡಗಿದ ತ್ರಿಕೋನ ಯಾವ ದಿಕ್ಕಿಗಾದರೂ ಮುಖ ಮಾಡಿರಬಹುದು. ಮುಂದಿನ ಡಿಕ್ಕಿಯಲ್ಲಿ ಇನ್ನೊಂದು ದಿಕ್ಕು. ಬಾದಾಮಿಯ ಅಕ್ಷಕ್ಕೂ ಅದಕ್ಕೂ ನಂಟಿಲ್ಲ. ಬಾದಾಮಿಯ ಅಕ್ಷ ಹಿಡಿದು ಈ ತ್ರಿಕೋನಗಳನ್ನು ಕೂಡಿಸಿದರೆ ಒಂದರ ಶಿಖರ ಇನ್ನೊಂದರ ಕಣಿವೆಗೆ ಬಿದ್ದು ಒಟ್ಟು ಮೊತ್ತ ಸೊನ್ನೆಯಾಗುತ್ತದೆ. ಪ್ರತಿ ಡಿಕ್ಕಿಯಲ್ಲೂ ತ್ರಿಕೋನ ಇದೆ, ಮೊತ್ತದಲ್ಲಿ ಇಲ್ಲ. ವರ್ಗ ಮಾಡಿ ಕೂಡಿಸಿದರೆ ದಿಕ್ಕಿನ ಗೊಂದಲ ಹೋಗುತ್ತದೆ, ಗಾತ್ರ ಉಳಿಯುತ್ತದೆ. ಅದನ್ನೂ ನೀವೇ ಮಾಡಬಲ್ಲಿರಿ. ಯಾರಾದರೂ ಕೇಳಬೇಕಿತ್ತು ಅಷ್ಟೇ.

ಸೊನ್ನೆ ಅಳಿಸಿಹೋದದ್ದು 2010ರಲ್ಲಿ. ಫೋಬೋಸ್ ತಂಡದವರೇ ಆದ ಎಂಐಟಿಯ ಬುರಾಕ್ ಆಲ್ವರ್ ಮತ್ತು ಗುಂಥರ್ ರೋಲಂಡ್, ನ್ಯೂಕ್ಲಿಯಾನ್‌ಗಳ ಜಾಗಗಳಿಂದ ಚಪ್ಪಟೆತನವನ್ನು ಲೆಕ್ಕ ಹಾಕಿದ ಹಾಗೆಯೇ ತ್ರಿಕೋನತೆಯನ್ನೂ ಲೆಕ್ಕ ಹಾಕಿದರು. ಕಂಪ್ಯೂಟರ್ ಮಾದರಿಯೊಂದರಲ್ಲಿ ಆ ತ್ರಿಕೋನತೆ ಹೆಚ್ಚಿದಂತೆ ಮೂರು ಮುಖದ ಹರಿವೂ ಹೆಚ್ಚುವುದನ್ನು ತೋರಿಸಿದರು. ಫೋಬೋಸ್ ಮತ್ತು ಸ್ಟಾರ್ ತಂಡಗಳು ಆಗಲೇ ಪ್ರಕಟಿಸಿದ್ದ ಅಂಕಿಗಳಲ್ಲೇ ಈ ತ್ರಿಕೋನ ಹರಿವು ಕಾಣುತ್ತಿದೆ ಎಂದರು. ಹೊಸ ಯಂತ್ರ ಬೇಕಾಗಿರಲಿಲ್ಲ, ಹೊಸ ಅಳತೆಯೂ ಬೇಕಾಗಿರಲಿಲ್ಲ.

ಅದೇ ವರ್ಷ ನವೆಂಬರ್‌ನಲ್ಲಿ ಜಿನೀವಾ ಬಳಿಯ ಸರ್ನ್‌ನ 27 ಕಿಲೋಮೀಟರ್ ಉಂಗುರದಲ್ಲಿ ಸೀಸದ ನ್ಯೂಕ್ಲಿಯಸ್ಸುಗಳ ಡಿಕ್ಕಿ ಶುರುವಾಯಿತು. 2011ರ ಮೇ ತಿಂಗಳಲ್ಲಿ ಫ್ರಾನ್ಸಿನ ಆನೆಸಿಯಲ್ಲಿ ನಡೆದ ಕ್ವಾರ್ಕ್ ಮ್ಯಾಟರ್ ಸಮ್ಮೇಳನದ ಹೊತ್ತಿಗೆ ಎಲ್ಲರ ಬಾಯಲ್ಲೂ ವಿ-3. ಸರ್ನ್‌ನ ಆಲಿಸ್ ತಂಡದ ಅಳತೆ ಎಲ್ಲಕ್ಕಿಂತ ನೇರವಾಗಿತ್ತು. ಡಿಕ್ಕಿ ನೇರವಾಗುತ್ತ ಹೋದಂತೆ ವಿ-2 ಇಳಿಯುತ್ತದೆ, ಯಾಕೆಂದರೆ ಬಾದಾಮಿ ದುಂಡಗಾಗುತ್ತದೆ. ವಿ-3 ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತದೆ, ಯಾಕೆಂದರೆ ಅದು ಹುಟ್ಟುವುದು ಬಾದಾಮಿಯಿಂದಲ್ಲ, ಏರಿಳಿತದಿಂದ. ಅತ್ಯಂತ ನೇರ ಡಿಕ್ಕಿಗಳಲ್ಲಿ ಎರಡೂ ಹತ್ತಿರ ಹತ್ತಿರ ಬಂದು ನಿಂತವು. ಆ ಡಿಕ್ಕಿಗಳಲ್ಲಿ ಎದುರಿನ ಜೋಡಿ ದಿಬ್ಬ ಏನನ್ನೂ ಕಳೆಯದೆಯೇ ಕಂಡಿತು. ಅಳೆದ ಹರಿವುಗಳನ್ನು ಕೂಡಿಸಿದರೆ ಅದೇ ಆಕಾರ ಬಂತು. ಆ ದಿಬ್ಬಗಳಿಗೆ ಮಾಕ್ ಶಂಕುವಿನ ವಿವರಣೆ ಬೇಕಾಗಲಿಲ್ಲ.

ನೀವು ನಿಮ್ಮ ಪರವಾಗಿ ಹೇಳಬಹುದಾದ ಒಂದು ಮಾತು ನ್ಯಾಯವಾದದ್ದು, ಅದನ್ನು ನಾನೇ ಹೇಳುತ್ತೇನೆ. ಚದುರಿದ್ದೆಲ್ಲ ಸಂದೇಶವಲ್ಲ. ಒಂದು ಕಣ ಸಿಡಿದು ಎರಡಾದರೆ ಆ ಎರಡೂ ಹತ್ತಿರದ ದಿಕ್ಕಿನಲ್ಲಿ ಹೋಗುತ್ತವೆ. ಅದು ಹರಿವಲ್ಲ, ಆದರೂ ಹರಿವಿನಂತೆ ಕಾಣುತ್ತದೆ. ಇಂಥ ಕಲಬೆರಕೆಯನ್ನು ತೆಗೆಯಲು ಬೋರ್ಗಿನಿ, ದಿನ್ ಮತ್ತು ಓಲಿತ್ರೋ 2001ರಲ್ಲಿ ಒಂದು ಜಾಣ ದಾರಿ ಕೊಟ್ಟರು: ಎರಡೆರಡು ಕಣಗಳ ಬದಲು ನಾಲ್ಕು ನಾಲ್ಕು ಕಣಗಳನ್ನು ಒಟ್ಟಿಗೆ ಹೋಲಿಸಿ, ಜೋಡಿಗಳ ಪಾಲನ್ನು ಕಳೆಯುವುದು. ಇದರಲ್ಲಿ ಏರಿಳಿತದ ಗುರುತು ಎಷ್ಟು ಚೆನ್ನಾಗಿ ಸಿಗುತ್ತದೆ ನೋಡಿ. ವಿ-2ರ ಸರಾಸರಿ ಶೇ. 8, ಅದರ ಸುತ್ತಲಿನ ಏರಿಳಿತ ಶೇ. 3 ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಎರಡು ಕಣಗಳ ವಿಧಾನದಲ್ಲಿ ಏರಿಳಿತದ ವರ್ಗ ಕೂಡುತ್ತದೆ: 64ಕ್ಕೆ 9 ಸೇರಿ 73, ಅದರ ವರ್ಗಮೂಲ ಸುಮಾರು 8.5. ನಾಲ್ಕು ಕಣಗಳ ವಿಧಾನದಲ್ಲಿ ಅದೇ ವರ್ಗ ಕಳೆಯುತ್ತದೆ: 64ರಿಂದ 9 ಹೋಗಿ 55, ವರ್ಗಮೂಲ ಸುಮಾರು 7.4. ಒಂದೇ ಹರಿವಿಗೆ ಎರಡು ಉತ್ತರ. ಕಲಬೆರಕೆಯನ್ನು ಬೇರೆ ಉಪಾಯದಿಂದ ತೆಗೆದ ಮೇಲೂ ಈ ಅಂತರ ಉಳಿದರೆ, ಅದು ಏರಿಳಿತದ ಗಾತ್ರವನ್ನೇ ಹೇಳುತ್ತದೆ. ಹಿಂದೆ ಈ ಅಂತರವನ್ನು ಅಳತೆಯ ದೋಷವೆಂದು ಸಂಶಯದಿಂದ ನೋಡುತ್ತಿದ್ದರು. ಇಂದು ಅದನ್ನೇ ಬೇಕೆಂದು ಅಳೆಯುತ್ತಾರೆ.

ಏರಿಳಿತಕ್ಕೆ ಮರ್ಯಾದೆ ಕೊಟ್ಟ ಮೇಲೆ ಸಿಕ್ಕಿದ್ದೇನು? ಮೊದಲನೆಯದು, ದ್ರವದ ಸ್ನಿಗ್ಧತೆ. ದ್ರವದ ಒಂದು ಪದರ ಇನ್ನೊಂದರ ಪಕ್ಕ ಸರಿಯುವಾಗಿನ ಎಳೆತವೇ ಸ್ನಿಗ್ಧತೆ. ಅದನ್ನು ಎಂಟ್ರೊಪಿಯ ಸಾಂದ್ರತೆಯಿಂದ ಭಾಗಿಸಿದರೆ ಬರುವ ಸಂಖ್ಯೆ ಸುಮಾರು 0.08ಕ್ಕಿಂತ ಕೆಳಗಿಳಿಯಲಾರದು ಎಂದು ಕೊವ್ತುನ್, ಸಾನ್, ಸ್ಟಾರಿನೆಟ್ಸ್ 2005ರಲ್ಲಿ ಊಹಿಸಿದ್ದರು. ನಮ್ಮ ಪ್ಲಾಸ್ಮಾ ಆ ಗಡಿಗೆ ಎಷ್ಟು ಹತ್ತಿರ? ವಿ-2 ಒಂದನ್ನೇ ನಂಬಿ 2008ರಲ್ಲಿ ಲೆಕ್ಕ ಹಾಕಿದಾಗ, ಆರಂಭದ ಆಕೃತಿಯ ಬಗ್ಗೆ ಒಂದು ಊಹೆಗೆ ಸುಮಾರು 0.08, ಇನ್ನೊಂದು ಊಹೆಗೆ ಅದರ ಎರಡರಷ್ಟು ಬಂತು. ಎರಡು ಊಹೆಗಳ ನಡುವೆ ತೀರ್ಪು ಕೊಡಲು ವಿ-2ಕ್ಕೆ ಆಗಲಿಲ್ಲ. ವಿ-3 ಆ ಕೆಲಸ ಮಾಡಿತು. ಅಲೆಯ ಮುಖಗಳು ಹೆಚ್ಚಿದಷ್ಟೂ ಸ್ನಿಗ್ಧತೆ ಅದನ್ನು ಬೇಗ ಅಳಿಸುತ್ತದೆ. ಆದ್ದರಿಂದ ವಿ-2, ವಿ-3 ಎರಡನ್ನೂ ಒಟ್ಟಿಗೆ ಸರಿದೂಗಿಸುವುದು ಕಠಿಣ ಪರೀಕ್ಷೆ. ಚಪ್ಪಟೆತನ ಹೆಚ್ಚು, ತ್ರಿಕೋನತೆ ಅದಕ್ಕೆ ತಕ್ಕಷ್ಟಿಲ್ಲ ಎನ್ನುತ್ತಿದ್ದ ಮಾದರಿ ಆ ಪರೀಕ್ಷೆಯಲ್ಲಿ ಸೋತಿತು. ನೀವು ಸೊನ್ನೆ ಎಂದದ್ದೇ ಕೊನೆಗೆ ನ್ಯಾಯಾಧೀಶನಾಯಿತು.

ಎರಡನೆಯದು, ನ್ಯೂಕ್ಲಿಯಸ್ಸಿನ ರೂಪ. ಯುರೇನಿಯಂ-238ರ ನ್ಯೂಕ್ಲಿಯಸ್ ಉದ್ದನೆಯದು ಎಂದು ಬೇರೆ ಬಗೆಯ ಪ್ರಯೋಗಗಳಿಂದ ಗೊತ್ತಿತ್ತು. ಆದರೆ ಡಿಕ್ಕಿಯ ಗಳಿಗೆಯಲ್ಲಿ ಅದು ಯಾವ ಕಡೆ ತಿರುಗಿರುತ್ತದೆಂದು ಯಾರೂ ನಿರ್ಧರಿಸಲಾಗದು. ತುದಿಗೆ ತುದಿ ಹೊಡೆದರೆ ಬಿಗಿಯಾದ ದುಂಡನೆಯ ಆಕೃತಿ: ವಿ-2 ಕಡಿಮೆ, ಒತ್ತಡ ಹೆಚ್ಚಾದ್ದರಿಂದ ಹೊರಬರುವ ಕಣಗಳ ವೇಗ ಹೆಚ್ಚು. ಮಗ್ಗುಲಿಗೆ ಮಗ್ಗುಲು ಹೊಡೆದರೆ ಉದ್ದನೆಯ ಆಕೃತಿ: ವಿ-2 ಹೆಚ್ಚು, ವೇಗ ಕಡಿಮೆ. ಎಲ್ಲವನ್ನೂ ಕೂಡಿಸಿ ಒಂದು ಸಂಖ್ಯೆ ಬರೆದರೆ ಈ ಕಥೆ ಮಣ್ಣುಪಾಲು. ಡಿಕ್ಕಿಯಿಂದ ಡಿಕ್ಕಿಗೆ ಇವೆರಡೂ ಒಂದಕ್ಕೊಂದು ವಿರುದ್ಧವಾಗಿ ಏರಿಳಿಯುವುದನ್ನು ಹಿಡಿದ ಸ್ಟಾರ್ ತಂಡ, ಚಿನ್ನದ ಡಿಕ್ಕಿಗಳ ಜೊತೆ ಹೋಲಿಸಿ ಯುರೇನಿಯಂ ನ್ಯೂಕ್ಲಿಯಸ್ಸಿನ ರೂಪವನ್ನು ಅಂದಾಜು ಮಾಡಿ 2024ರ ನವೆಂಬರ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿತು. ಪ್ಲಾಸ್ಮಾ ತಿಳಿಯಲು ಕಟ್ಟಿದ ಯಂತ್ರ ನ್ಯೂಕ್ಲಿಯಸ್ಸಿನ ಕ್ಯಾಮೆರಾ ಆಯಿತು. 2025ರ ಜುಲೈನಲ್ಲಿ ಸರ್ನ್‌ನಲ್ಲಿ ಆಮ್ಲಜನಕ ಮತ್ತು ನಿಯಾನ್ ನ್ಯೂಕ್ಲಿಯಸ್ಸುಗಳ ಡಿಕ್ಕಿ ನಡೆದದ್ದೂ ನ್ಯೂಕ್ಲಿಯಸ್ಸಿನ ರೂಪ ನೋಡುವ ಈ ಆಸೆಯ ಮುಂದುವರಿಕೆಯೇ.

ಎಲ್ಲ ಪ್ರಶ್ನೆಗಳೂ ಬಗೆಹರಿದಿಲ್ಲ. ಮೂರೇ ನ್ಯೂಕ್ಲಿಯಾನ್‌ಗಳಿರುವ ಹೀಲಿಯಂ-3 ನ್ಯೂಕ್ಲಿಯಸ್ಸನ್ನು ಚಿನ್ನಕ್ಕೆ ಹೊಡೆದು, ಅದರ ತ್ರಿಕೋನ ರೂಪ ಹರಿವಿನಲ್ಲಿ ಕಾಣುತ್ತದೆ ಎಂದು ರಿಕ್‌ನ ಫೀನಿಕ್ಸ್ ತಂಡ 2019ರಲ್ಲಿ ಹೇಳಿತು. ಆದರೆ ಚಿನ್ನಕ್ಕೆ ಪ್ರೋಟಾನ್, ಡ್ಯೂಟೆರಾನ್, ಹೀಲಿಯಂ-3 ಯಾವುದನ್ನು ಹೊಡೆದರೂ ವಿ-3 ಹೆಚ್ಚು ಕಡಿಮೆ ಒಂದೇ ಎಂದು ಸ್ಟಾರ್ ತಂಡ 2023ರಲ್ಲಿ ಪ್ರಕಟಿಸಿತು; ಹಾಗಿದ್ದರೆ ಪ್ರೋಟಾನಿನ ಒಳಗಿನ ಏರಿಳಿತವನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ವಾದ ಎಲ್ಲಿಗೆ ಮುಟ್ಟಿದರೂ, ವಾದದ ನೆಲ ಈಗ ಏರಿಳಿತವೇ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ತೀರ್ಪನ್ನು ಒಂದೇ ಮಾತಿನಲ್ಲಿ ಹೇಳುತ್ತೇನೆ. ತಪ್ಪು ನಿಮ್ಮನ್ನು ಕರೆದದ್ದರಲ್ಲಿ ಇರಲಿಲ್ಲ, ಕರೆದ ಹೊತ್ತಿನಲ್ಲಿತ್ತು. ಪ್ರಕೃತಿ ಪ್ರತಿ ಡಿಕ್ಕಿಯನ್ನೂ ಅದರದೇ ಓರೆಕೋರೆಯಿಂದ ಹರಿಸುತ್ತದೆ. ಕೂಡಿಸಿ ಭಾಗಿಸುವುದು ಆಮೇಲೆ ನಾವು ಮಾಡುವ ಕೆಲಸ. ನಾವು ಮೊದಲೇ ಕೂಡಿಸಿ ಭಾಗಿಸಿ, ಸಿಕ್ಕ ನುಣುಪು ಚಿತ್ರವನ್ನು ಹರಿಸಿದೆವು. ಆಕೃತಿಯಿಂದ ಹರಿವಿನವರೆಗಿನ ದಾರಿಯಲ್ಲಿ ಈ ಎರಡು ಕೆಲಸಗಳ ಸರದಿ ಬದಲಾದರೆ ಉತ್ತರವೇ ಬದಲಾಗುತ್ತದೆ. ಹತ್ತು ವರ್ಷದ ಪಾಠ ಇದು, ಮತ್ತು ಇದನ್ನು ಕಲಿಸಿದ್ದು ಸರಾಸರಿಗೆ ಹೊಂದಲು ಒಪ್ಪದ ಅಂಕಿಗಳು.

ಕೊನೆಯ ಮಾತು ನಿಮಗಲ್ಲ, ಈ ಪತ್ರ ಓದುತ್ತಿರುವ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗೆ ಮತ್ತು ಮೇಷ್ಟ್ರುಗಳಿಗೆ. ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಐದು ರೀಡಿಂಗ್ ಬರೆದು ಸರಾಸರಿ ತೆಗೆಯುವಾಗ, ಹೊಂದದ ರೀಡಿಂಗನ್ನು ರಬ್ಬರಿನಿಂದ ಒರೆಸಿ ಉಳಿದವಕ್ಕೆ ಹತ್ತಿರವಾಗಿ ತಿದ್ದುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ಮೇಷ್ಟ್ರು ಸಹಿ ಹಾಕುವುದೂ ಸರಾಸರಿಯ ಕೆಳಗೇ. ದಯವಿಟ್ಟು ಒರೆಸಬೇಡಿ. ಐದನ್ನೂ ಬರೆಯಿರಿ, ಸರಾಸರಿಯ ಪಕ್ಕದಲ್ಲೇ ಅವು ಎಷ್ಟು ಚದುರಿವೆ ಎಂಬುದನ್ನೂ ಬರೆಯಿರಿ, ಯಾಕೆ ಚದುರಿವೆ ಎಂದು ಒಂದು ಸಾಲಾದರೂ ಯೋಚಿಸಿ ಬರೆಯಿರಿ. ಮೇಷ್ಟ್ರುಗಳೇ, ಆ ಸಾಲಿಗೆ ಅಂಕ ಕೊಡಿ.

ಇತಿ,
ನಿಮ್ಮ ದುಡಿಮೆಯನ್ನು ಗೌರವಿಸುವ,
ಭೌತವಿಜ್ಞಾನದ ಒಬ್ಬ ಓದುಗ